ಕೊಂಡ ಸಂಗೀತ ಯಾರ ಸ್ವತ್ತು?

ಹಣ ತೆತ್ತು ಒಂದು ವಸ್ತುವನ್ನು ಕೊಂಡ ಮೇಲೂ ಮಾರಿದವನಿಗೆ ಅದರ ಮೇಲೆ ಏನಾದರೂ ಅಧಿಕಾರ ಉಳಿಯುವುದೇ? ಬಟ್ಟೆಬರೆ, ಪಾತ್ರೆಪದಾರ್ಥ, ದವಸಧಾನ್ಯಗಳ ವಿಷಯದಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಾವು ಕೊಂಡು ತಂದ ಪಾತ್ರೆಯಲ್ಲಿ ಏನು ಬೇಯಿಸಬೇಕು, ಅದನ್ನು ಮಗಳ ಮನೆಗೆ ಕೊಡಬಹುದೇ ಕೊಡಬಾರದೇ ಎಂದು ಅಂಗಡಿಯವನು ಹೇಳಬಂದರೆ ಯಾರೂ ಕಿವಿಗೊಡರು. ಆದರೆ ಸಂಗೀತವನ್ನು ಯಂತ್ರದಲ್ಲಿ ಹಿಡಿದಿಟ್ಟು ಮಾರುವ ವಾಣಿಜ್ಯದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ. ಇಂದು ಮನೆಮನೆಯ ಮೊಬೈಲ್ ಫೋನುಗಳಲ್ಲಿ ಕೇಳಿಬರುವ ಹಾಡುಗಳಲ್ಲಿ ಯಾವುದು ನಮ್ಮದು, ಯಾವುದು ನಮ್ಮದಲ್ಲ ಎಂಬುದನ್ನು ಅರಿಯಬೇಕಾದರೆ ಆ ಪ್ರಶ್ನೆಯ ಚರಿತ್ರೆಯನ್ನು ಕೊಂಚ ಹಿಂದಿನಿಂದ ನೋಡಬೇಕಾಗುತ್ತದೆ. ಈ ಚರಿತ್ರೆಯ ಬಹುಭಾಗ ನಡೆದುದು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ. ಅದರ ಫಲವನ್ನು ಉಣ್ಣುತ್ತಿರುವವರು ಮಾತ್ರ ಎಲ್ಲ ದೇಶಗಳ ಜನರು.

ನ್ಯೂಯಾರ್ಕ್ ನಗರದಲ್ಲಿ ಮೇಸೀಸ್ ಎಂಬ ಪ್ರಸಿದ್ಧ ಮಳಿಗೆಯೊಂದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ಟ್ರಾಸ್ ಮನೆತನದವರು ಅದರ ಒಡೆಯರಾಗಿದ್ದರು. ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ತನ್ನ ಒಂದು ಕಾದಂಬರಿಯ ಒಳಪುಟದಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದು ಎಂದು ಮುದ್ರಿಸಿತ್ತು. ಮೇಸೀಸ್ ಮಳಿಗೆ ಅದನ್ನು 89 ಸೆಂಟುಗಳಿಗೆ ಮಾರಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1908ರಲ್ಲಿ ಬಂದ ತೀರ್ಪು ಸರಳವಾಗಿತ್ತು: ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟವನ್ನು ಪ್ರಕಾಶಕ ನಿಯಂತ್ರಿಸಲಾರ. ಮರುಮುದ್ರಿಸುವ ಹಕ್ಕು ಅವನಲ್ಲೇ ಉಳಿಯುತ್ತದೆ. ಕೈಯಲ್ಲಿರುವ ಪ್ರತಿಯಾದರೋ ಕೊಂಡವನದು. ಹಳೆಯ ಪುಸ್ತಕದ ಅಂಗಡಿಗಳೂ, ಗ್ರಂಥಭಂಡಾರಗಳೂ, ಅಜ್ಜನ ಪೆಟ್ಟಿಗೆಯಿಂದ ಮೊಮ್ಮಗನಿಗೆ ಬರುವ ಗ್ರಂಥಗಳೂ ನಿಂತಿರುವುದು ಈ ನಿಯಮದ ಮೇಲೆಯೇ.

ಇದಕ್ಕಿಂತ ಸ್ವಾರಸ್ಯಕರವಾದದ್ದು ಒಂಬತ್ತು ವರ್ಷಗಳ ತರುವಾಯ ನಡೆದ ಇನ್ನೊಂದು ವ್ಯಾಜ್ಯ. ಅದೇ ಮೇಸೀಸ್ ಮಳಿಗೆ, ಅದೇ ಸ್ಟ್ರಾಸ್ ಮನೆತನ. ಎದುರು ಪಕ್ಷದಲ್ಲಿ ಈ ಸಲ ಗ್ರಾಮಫೋನ್ ತಯಾರಿಸುವ ವಿಕ್ಟರ್ ಕಂಪನಿ. ಈ ಕಂಪನಿ ತನ್ನ ಯಂತ್ರಗಳ ಮೇಲೆ ಒಂದು ಸೂಚನೆಯನ್ನು ಅಂಟಿಸುತ್ತಿತ್ತು. ಅದರ ತಾತ್ಪರ್ಯ ಇಷ್ಟು: ಈ ಯಂತ್ರವನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿಯನ್ನಷ್ಟೇ ಕೊಟ್ಟಿದೆ; ನೀವು ತೆತ್ತ ಹಣ ಬೆಲೆಯಲ್ಲ, ಗೌರವಧನ; ಒಡೆತನ ನಮ್ಮದೇ; ನಮ್ಮ ಕಂಪನಿಯ ತಟ್ಟೆ ಮತ್ತು ಸೂಜಿಗಳ ಹೊರತು ಬೇರೆಯವನ್ನು ಇದರಲ್ಲಿ ಬಳಸಕೂಡದು. 1917ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಪೂರ್ತಿ ಬೆಲೆಯನ್ನು ಮೊದಲೇ ವಸೂಲು ಮಾಡಿ, ಯಂತ್ರವನ್ನು ಗಿರಾಕಿಯ ಮನೆಗೆ ಕಳುಹಿಸಿಕೊಟ್ಟು, ಅದನ್ನು ಮಾರಾಟವಲ್ಲ ಎಂದು ಕರೆದ ಮಾತ್ರಕ್ಕೆ ಅದು ಮಾರಾಟವಲ್ಲದೆ ಹೋಗುವುದಿಲ್ಲ ಎಂಬುದು ತೀರ್ಪಿನ ಸಾರ. ಹೆಸರು ಬದಲಾದರೂ ವ್ಯವಹಾರದ ಸ್ವರೂಪ ಬದಲಾಗದು ಎಂದು ನ್ಯಾಯಾಧೀಶರು ಕಂಡುಕೊಂಡರು. ವಾಚಕರು ಈ ಸೂಚನೆಯ ಮಾತುಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಸುಮಾರು ತೊಂಬತ್ತು ವರ್ಷಗಳ ಅನಂತರ ಅವು ಹೆಚ್ಚುಕಡಿಮೆ ಹಾಗೆಯೇ ಮರಳಿ ಬರಲಿವೆ.

ಮುಂದಿನ ಅರ್ಧ ಶತಮಾನ ಈ ವಿಷಯದಲ್ಲಿ ಹೆಚ್ಚಿನ ಗೊಂದಲವಿರಲಿಲ್ಲ. ತಟ್ಟೆ ಕೈಯಲ್ಲಿರುವ ವಸ್ತು. ಕೊಂಡವನು ಅದನ್ನು ಕೇಳಬಹುದು, ಎರವಲು ಕೊಡಬಹುದು, ಮಾರಬಹುದು. 1963ರಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಹೊರತಂದ ಮೇಲೆ ಮನೆಯಲ್ಲೇ ಪ್ರತಿ ತೆಗೆಯುವುದು ಸುಲಭವಾಯಿತು. ಪಶ್ಚಿಮ ಜರ್ಮನಿ 1965ರಲ್ಲೇ ಧ್ವನಿಮುದ್ರಣ ಯಂತ್ರಗಳ ಮೇಲೆ ಒಂದು ಸುಂಕವನ್ನು ವಿಧಿಸಿ, ಆ ಹಣ ಕೃತಿಕಾರರಿಗೆ ಸಲ್ಲುವಂತೆ ಮಾಡಿತು. ಜನರನ್ನು ಕಳ್ಳರೆನ್ನದೆ ಕಲಾವಿದನಿಗೂ ನಷ್ಟವಾಗದಂತೆ ನೋಡಿಕೊಂಡ ಈ ಏರ್ಪಾಡು ವಿವೇಕಯುತವಾದುದೆಂದೇ ಹೇಳಬೇಕು. ಅಲ್ಲದೆ ಕ್ಯಾಸೆಟ್ಟಿಗೆ ಅದರದೇ ಆದ ಒಂದು ಮಿತಿಯಿತ್ತು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಗುಸುಗುಡುವ ಸದ್ದು ಹೆಚ್ಚುತ್ತ ನಾಲ್ಕೈದು ತಲೆಮಾರಿನಲ್ಲಿ ಹಾಡು ಕೇಳದಂತಾಗುತ್ತಿತ್ತು. ಅದು ಯಾರೂ ಹಾಕದ ಬೀಗ. ವಸ್ತುವಿನ ಸ್ವಭಾವವೇ ಹಾಕಿದ್ದು.

ಈ ಸಹಜವಾದ ಬೀಗವನ್ನು ಮುರಿದದ್ದು ಸಂಗೀತೋದ್ಯಮವೇ ಆದರದಿಂದ ಬರಮಾಡಿಕೊಂಡ ಕಾಂಪ್ಯಾಕ್ಟ್ ಡಿಸ್ಕ್. 1982ರಲ್ಲಿ ಮಾರುಕಟ್ಟೆಗೆ ಬಂದ ಈ ತಟ್ಟೆಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆಯಲಾಗುತ್ತದೆ. ಅಂಕಿಗೆ ಸವೆತವಿಲ್ಲ. ಸಾವಿರದ ಪ್ರತಿಯೂ ಮೂಲದಂತೆಯೇ ಇರಬಲ್ಲದು. ತಟ್ಟೆಯನ್ನು ರೂಪಿಸಿದಾಗ ಅದಕ್ಕೆ ಯಾವ ಬೀಗವನ್ನೂ ಹಾಕಿರಲಿಲ್ಲ; ಮನೆಯ ಗಣಕಯಂತ್ರ ಅದನ್ನು ಓದಬಲ್ಲ ದಿನ ಬಂದೀತೆಂಬ ಯೋಚನೆ ಆಗ ಯಾರಿಗೂ ಬಂದಂತೆ ಕಾಣುವುದಿಲ್ಲ.

ಭಯ ಹುಟ್ಟಿದ್ದು 1987ರಲ್ಲಿ, ಅಂಕಿಗಳಲ್ಲೇ ಧ್ವನಿಮುದ್ರಣ ಮಾಡುವ ಡಿಜಿಟಲ್ ಟೇಪ್ ಯಂತ್ರಗಳನ್ನು ಸೋನಿ ಮೊದಲಾದ ಜಪಾನಿನ ಕಂಪನಿಗಳು ಹೊರತಂದಾಗ. ಇದನ್ನು ತಡೆಯಲು ಸಿಬಿಎಸ್ ಸಂಸ್ಥೆ ಕಾಪಿಕೋಡ್ ಎಂಬ ಉಪಾಯವನ್ನು ಮುಂದಿಟ್ಟಿತು. ಹಾಡಿನೊಳಗಿಂದ ಸುಮಾರು 3840 ಹರ್ಟ್ಸ್ ಸುತ್ತಲಿನ ಒಂದು ಕಿರಿದಾದ ಎಳೆಯನ್ನೇ ಕತ್ತರಿಸಿ ತೆಗೆಯುವುದು. ಧ್ವನಿಮುದ್ರಣ ಯಂತ್ರದಲ್ಲಿರುವ ಒಂದು ಬಿಲ್ಲೆ ಆ ಎಳೆ ಇಲ್ಲವೆಂದು ಗುರುತಿಸಿದೊಡನೆ ಮುದ್ರಣವನ್ನು ನಿಲ್ಲಿಸುವುದು. ಅಂದರೆ ಕಳ್ಳನನ್ನು ಹಿಡಿಯಲು ಸಂಗೀತದ ಒಂದು ಅಂಶವನ್ನೇ ಬಲಿಗೊಡಬೇಕು. ಪಿಯಾನೋದ ಮೇಲ್ತುದಿಯ ಸ್ವರಗಳು ಇರುವುದೇ ಆ ನೆರೆಯಲ್ಲಿ. ಅಮೆರಿಕದ ಸಂಸತ್ತು ಈ ಉಪಾಯವನ್ನು ಪರೀಕ್ಷಿಸಲು ಸರ್ಕಾರದ ಮಾನಕ ಸಂಸ್ಥೆಗೆ ಒಪ್ಪಿಸಿತು. 1988ರಲ್ಲಿ ಬಂದ ವರದಿ ಮೂರು ಸಂಗತಿಗಳನ್ನು ಹೇಳಿತು: ಸಂಗೀತ ಕೆಡುವುದು ಕಿವಿಗೆ ತಿಳಿಯುತ್ತದೆ, ತಡೆ ಎಲ್ಲ ವೇಳೆಯಲ್ಲೂ ಕೆಲಸ ಮಾಡುವುದಿಲ್ಲ, ಅದನ್ನು ದಾಟುವುದು ಸುಲಭ. ಕಾಪಿಕೋಡ್ ಅಲ್ಲಿಗೆ ಮುಗಿಯಿತು. ಅದೇ ವರ್ಷ ಸೋನಿ ಕಂಪನಿ ಸಿಬಿಎಸ್‌ನ ಧ್ವನಿಮುದ್ರಿಕೆಗಳ ವಿಭಾಗವನ್ನೇ ಕೊಂಡುಕೊಂಡಿತು. ಪ್ರತಿ ತೆಗೆಯುವ ಯಂತ್ರವನ್ನು ಮಾರುವವನೂ, ಪ್ರತಿ ತೆಗೆಯಬೇಡಿರೆನ್ನುವವನೂ ಒಂದೇ ಮನೆಯ ಸದಸ್ಯರಾದರು. ಈ ದ್ವಂದ್ವ ಹದಿನೇಳು ವರ್ಷಗಳ ಬಳಿಕ ಎಂಥ ಅನರ್ಥಕ್ಕೆ ಕಾರಣವಾಯಿತೆಂಬುದನ್ನು ಮುಂದೆ ನೋಡಲಿದ್ದೇವೆ.

1992ರಲ್ಲಿ ಅಮೆರಿಕದಲ್ಲಿ ಒಂದು ರಾಜಿ ಕಾನೂನಾಯಿತು. ಡಿಜಿಟಲ್ ಧ್ವನಿಮುದ್ರಣ ಯಂತ್ರಗಳ ಮೇಲೆ ಶೇಕಡಾ 2, ಖಾಲಿ ಟೇಪುಗಳ ಮೇಲೆ ಶೇಕಡಾ 3 ಸುಂಕ. ಮೂಲದಿಂದ ಒಂದು ಪ್ರತಿ ತೆಗೆಯಬಹುದು, ಆದರೆ ಆ ಪ್ರತಿಯಿಂದ ಮತ್ತೊಂದು ಪ್ರತಿ ಬರದಂತೆ ಯಂತ್ರವೇ ತಡೆಯಬೇಕು. ಲಾಭದ ಉದ್ದೇಶವಿಲ್ಲದೆ ಮನೆಯವರು ತೆಗೆದುಕೊಳ್ಳುವ ಪ್ರತಿಗಳಿಗಾಗಿ ಅವರ ಮೇಲೆ ದಾವೆ ಹೂಡುವಂತಿರಲಿಲ್ಲ. ರಾಜಿ ಒಳ್ಳೆಯದೇ, ಆದರೆ ಅಷ್ಟರಲ್ಲಿ ಕಾಲ ಬೇರೆ ದಾರಿಯನ್ನು ಹಿಡಿದಿತ್ತು.

ಜರ್ಮನಿಯ ಎರ್ಲಾಂಗನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಮತ್ತು ಸಂಗಡಿಗರು ಕಿವಿಗೆ ಕೇಳಿಸದ ಅಂಶಗಳನ್ನು ಬಿಟ್ಟು ಧ್ವನಿಯನ್ನು ಅಡಕಗೊಳಿಸುವ ವಿಧಾನವೊಂದನ್ನು ರೂಪಿಸಿದ್ದರು. ಅದೇ ಎಂಪಿ3. ಕಾಂಪ್ಯಾಕ್ಟ್ ಡಿಸ್ಕಿನ ಹಾಡು ಇದರಿಂದ ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತಿತ್ತು. 1998ರಲ್ಲಿ ಡೈಮಂಡ್ ಎಂಬ ಕಂಪನಿ ಅರ್ಧ ಗಂಟೆಯಷ್ಟು ಹಾಡುಗಳನ್ನು ತುಂಬಿಕೊಳ್ಳಬಲ್ಲ ರಿಯೋ ಎಂಬ ಕಿಸೆಯ ಯಂತ್ರವನ್ನು ಮಾರಿದಾಗ ಧ್ವನಿಮುದ್ರಿಕೆಯ ಉದ್ಯಮಿಗಳು ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ತನ್ನಲ್ಲಿ ಈಗಾಗಲೇ ಇರುವ ಹಾಡನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುವುದು ಸ್ವಂತ ಬಳಕೆಯೇ ಹೊರತು ಬೇರೇನಲ್ಲ ಎಂಬ ಅಭಿಪ್ರಾಯ ಅಲ್ಲಿ ವ್ಯಕ್ತವಾಯಿತು. ಮನೆಯ ಹಾಡುಗಳನ್ನು ಹಲವು ಸಾಧನಗಳಲ್ಲಿ ಹೊಂದಿಸಿಟ್ಟುಕೊಳ್ಳುವ ಇಂದಿನ ರೂಢಿಗೆ ಇದೇ ತಳಹದಿ.

ಅದೇ ವರ್ಷ ನ್ಯಾಪ್ಸ್ಟರ್ ಬಂದಿತು. ಒಬ್ಬರ ಗಣಕಯಂತ್ರದಲ್ಲಿರುವ ಹಾಡನ್ನು ಗುರುತುಪರಿಚಯವಿಲ್ಲದ ಲಕ್ಷಾಂತರ ಜನ ಬಿಡಿಗಾಸೂ ಕೊಡದೆ ಪಡೆಯತೊಡಗಿದರು. 2001ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ಅದು ನಿಂತಿತಾದರೂ ಅಂಥವೇ ಬೇರೆ ಹುಟ್ಟಿಕೊಂಡವು. ಇದು ಕಳವೇ ಅಲ್ಲವೆಂದು ವಾದಿಸಿದವರಿದ್ದಾರೆ. ಮೂಲದ ಪ್ರತಿ ಒಡೆಯನಲ್ಲೇ ಉಳಿಯುವುದರಿಂದ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲವೆಂಬುದು ಅವರ ನಿಲುವು. ಅದತ್ತಾದಾನ ಎಂಬ ಶಬ್ದವನ್ನು ಬಲ್ಲ ನಮ್ಮ ವಾಚಕರಿಗೆ ಈ ವಾದದ ದೌರ್ಬಲ್ಯ ತಾನಾಗಿಯೇ ತಿಳಿದೀತು. ಕೊಡದುದನ್ನು ತೆಗೆದುಕೊಂಡೆವೇ ಎಂಬುದು ಅಲ್ಲಿ ಪ್ರಶ್ನೆ. ಇನ್ನೊಬ್ಬನಲ್ಲಿ ಏನು ಉಳಿಯಿತು ಎಂಬುದಲ್ಲ. ಆದರೆ ಅದೇ ಅಚೌರ್ಯದ ಅತಿಚಾರಗಳಲ್ಲಿ ಸುಳ್ಳು ತೂಕ, ಸುಳ್ಳು ಅಳತೆ, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವ ವ್ಯವಹಾರ ಇವೂ ಸೇರಿವೆ. ಅವು ಮಾರುವವನ ಪಾಲಿನವು.

ಮಾರುವವರು ಈಗ ಏನು ಮಾಡಿದರು? 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಧ್ವನಿಮುದ್ರಿಕೆ ಉದ್ಯಮಿಗಳ ಸಂಘ 261 ಜನ ಸಾಮಾನ್ಯ ಪ್ರಜೆಗಳ ಮೇಲೆ ದಾವೆ ಹೂಡಿತು. ಅವರಲ್ಲಿ ನ್ಯೂಯಾರ್ಕಿನ ಹನ್ನೆರಡು ವರ್ಷದ ಬಾಲಕಿಯೊಬ್ಬಳೂ ಇದ್ದಳು; ಎರಡು ಸಾವಿರ ಡಾಲರ್ ಕೊಟ್ಟು ಆ ಕುಟುಂಬ ರಾಜಿ ಮಾಡಿಕೊಂಡಿತು. ಜೊತೆಜೊತೆಗೆ ಬೀಗಗಳ ತಯಾರಿಯೂ ನಡೆದಿತ್ತು. ಬೀಗ ಮುರಿಯುವುದನ್ನೇ ಅಪರಾಧವೆನ್ನುವ ಕಾನೂನು 1998ರಲ್ಲೇ ಬಂದಿತ್ತು. ತಮ್ಮ ಹೊಸ ಬೀಗವನ್ನು ಮುರಿದು ತೋರಿಸಿರೆಂದು ಉದ್ಯಮದ ಕೂಟವೊಂದು 2000ದಲ್ಲಿ ಪಂಥಾಹ್ವಾನ ಕೊಟ್ಟಾಗ ಪ್ರಿನ್ಸ್ಟನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಅದನ್ನು ಮುರಿದರು. ಆ ಪ್ರಬಂಧವನ್ನು ಓದಹೊರಟಾಗ ದಾವೆಯ ಬೆದರಿಕೆ ಎದುರಾಗಿ ಒಮ್ಮೆ ಹಿಂದೆಗೆಯಬೇಕಾಯಿತು. ಕಾಂಪ್ಯಾಕ್ಟ್ ಡಿಸ್ಕುಗಳಿಗೆ ಹಾಕಿದ ಕೆಲವು ಬೀಗಗಳಂತೂ ನಗೆಪಾಟಲಾದವು. ಒಂದನ್ನು ತಟ್ಟೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ದಾಟಬಹುದಾಗಿತ್ತು. ಇನ್ನೊಂದನ್ನು ಕೀಲಿಮಣೆಯ ಶಿಫ್ಟ್ ಗುಂಡಿಯನ್ನು ಒತ್ತಿಹಿಡಿದು.

ಇದೇ ಕಾಲದಲ್ಲಿ ಆಪಲ್ ಕಂಪನಿಯ ಪ್ರವೇಶವಾಯಿತು. 2001ರ ಜನವರಿಯಲ್ಲಿ ಐಟ್ಯೂನ್ಸ್ ತಂತ್ರಾಂಶ, ಅಕ್ಟೋಬರ್‌ನಲ್ಲಿ ಐಪಾಡ್. ಸಾವಿರ ಹಾಡುಗಳು ಕಿಸೆಯಲ್ಲಿ ಎಂಬುದು ಅದರ ಜಾಹೀರಾತು. ಪೆಟ್ಟಿಗೆಯನ್ನು ತೆರೆದರೆ ಸಂಗೀತವನ್ನು ಕದಿಯಬೇಡಿ ಎಂದು ನಾಲ್ಕು ಭಾಷೆಗಳಲ್ಲಿ ಬರೆದ ಚೀಟಿ ಅಂಟಿಸಿರುತ್ತಿತ್ತು. ಈ ಪುಟ್ಟ ಯಂತ್ರದ ವಿಶೇಷವೆಂದರೆ ಮನೆಯ ಗಣಕಯಂತ್ರದಲ್ಲಿರುವ ಹಾಡುಗಳ ಭಂಡಾರವನ್ನು ತಂತಿ ಜೋಡಿಸಿದೊಡನೆ ತಾನಾಗಿ ತನ್ನೊಳಗೆ ಹೊಂದಿಸಿಕೊಳ್ಳುತ್ತಿದ್ದುದು. ಆದರೆ ಹರಿವು ಒಂದೇ ದಿಕ್ಕಿಗೆ. ಭಂಡಾರದಿಂದ ಐಪಾಡಿಗೆ ಹಾಡು ಇಳಿಯುತ್ತಿತ್ತು. ಐಪಾಡಿನಿಂದ ಮರಳಿ ಮೇಲಕ್ಕೆ ಏರುತ್ತಿರಲಿಲ್ಲ. ಒಳಗೆ ಹಾಡುಗಳು ಅರ್ಥವಿಲ್ಲದ ಹೆಸರುಗಳನ್ನು ಹೊತ್ತು ಮರೆಯಾದ ಕೋಶವೊಂದರಲ್ಲಿ ಕೂತಿರುತ್ತಿದ್ದವು. ಬೇರೊಂದು ಗಣಕಯಂತ್ರಕ್ಕೆ ಹೊಂದಿಸಹೊರಟರೆ ಒಳಗಿರುವುದನ್ನೆಲ್ಲ ಅಳಿಸಲೇ ಎಂದು ಅದು ಕೇಳುತ್ತಿತ್ತು. ಗಣಕಯಂತ್ರ ಕೆಟ್ಟು, ಹಾಡುಗಳು ಕೈಯಲ್ಲಿರುವ ಐಪಾಡಿನಲ್ಲಿ ಮಾತ್ರ ಉಳಿದ ಗಿರಾಕಿಗೆ ತನ್ನ ಸ್ವತ್ತನ್ನು ತಾನೇ ಹಿಂಪಡೆಯಲು ಹೊರಗಿನವರ ತಂತ್ರಾಂಶಗಳ ಮೊರೆಹೋಗಬೇಕಾಗುತ್ತಿತ್ತು.

2003ರ ಏಪ್ರಿಲ್ 28ರಂದು ಆಪಲ್ ಹಾಡಿನ ಅಂಗಡಿಯನ್ನೇ ತೆರೆಯಿತು. ಎರಡು ಲಕ್ಷ ಹಾಡುಗಳು, ಒಂದಕ್ಕೆ 99 ಸೆಂಟುಗಳು. ಮೊದಲ ವಾರವೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ನ್ಯಾಯವಾದ ಬೆಲೆಗೆ ಸುಲಭವಾಗಿ ಸಿಗುವುದಾದರೆ ಜನ ಹಣ ಕೊಟ್ಟೇ ಕೊಳ್ಳುವರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿರಲಿಲ್ಲ. ಆದರೆ ಧ್ವನಿಮುದ್ರಿಕೆಯ ಕಂಪನಿಗಳ ಒತ್ತಾಯದಿಂದ ಪ್ರತಿಯೊಂದು ಹಾಡಿಗೂ ಫೇರ್‌ಪ್ಲೇ ಎಂಬ ಬೀಗ ಬಿದ್ದಿತ್ತು.

ಆ ಬೀಗದ ರಚನೆಯನ್ನು ತಿಳಿದುಕೊಳ್ಳುವುದು ಒಳಿತು, ಏಕೆಂದರೆ ಒಡೆತನದ ಪ್ರಶ್ನೆಯೆಲ್ಲ ಅದರಲ್ಲಿ ಅಡಗಿದೆ. ಹಾಡನ್ನು ಗೂಢಲಿಪಿಯಲ್ಲಿ ಇಟ್ಟು ಅದಕ್ಕೊಂದು ಕೀಲಿಕೈ ಮಾಡುತ್ತಿದ್ದರು. ಆ ಕೀಲಿಕೈಯೂ ಹಾಡಿನ ಜೊತೆಯಲ್ಲೇ ಇರುತ್ತಿತ್ತು, ಆದರೆ ಅದನ್ನು ಇನ್ನೊಂದು ಗೂಢಲಿಪಿಯಲ್ಲಿ ಮುಚ್ಚಿಟ್ಟಿರುತ್ತಿದ್ದರು. ಈ ಎರಡನೆಯದನ್ನು ತೆರೆಯುವ ಕೀಲಿಕೈ ಗಿರಾಕಿಯ ಖಾತೆಗೆ ಸೇರಿದ್ದು. ಅದು ಇರುತ್ತಿದ್ದುದು ಕಂಪನಿಯ ದೂರದ ಗಣಕಯಂತ್ರದಲ್ಲಿ. ಗಿರಾಕಿ ತನ್ನ ಗಣಕಯಂತ್ರಕ್ಕೆ ಅಪ್ಪಣೆ ಪಡೆದಾಗ ಮಾತ್ರ ಅದರ ಪ್ರತಿಯೊಂದು ಅವನಲ್ಲಿಗೆ ಬರುತ್ತಿತ್ತು. ಪೆಟ್ಟಿಗೆ ಮನೆಯಲ್ಲಿ, ಬೀಗದ ಕೈ ಅಂಗಡಿಯವನ ಸೊಂಟದಲ್ಲಿ! ಮೊದಲು ಮೂರು ಗಣಕಯಂತ್ರಗಳಿಗೆ ಅಪ್ಪಣೆಯಿತ್ತು, 2004ರಲ್ಲಿ ಅದು ಐದಾಯಿತು. ಒಂದೇ ಹಾಡುಪಟ್ಟಿಯನ್ನು ಡಿಸ್ಕಿಗೆ ಇಳಿಸುವುದು ಹತ್ತು ಸಲವಿದ್ದದ್ದು ಏಳಕ್ಕೆ ಇಳಿಯಿತು. ಒಂದು ಕಡೆ ಹೆಚ್ಚಿಸಿದರು, ಇನ್ನೊಂದು ಕಡೆ ತಗ್ಗಿಸಿದರು. ಎರಡನ್ನೂ ನಿರ್ಧರಿಸಿದವರು ಮಾರಿದವರೇ. ಅಪ್ಪಣೆಯನ್ನು ಹಿಂದಿರುಗಿಸುವ ಮುನ್ನವೇ ಗಣಕಯಂತ್ರ ಸುಟ್ಟುಹೋದರೆ ಐದರಲ್ಲಿ ಒಂದು ಎಣಿಕೆ ಹೋದಂತೆಯೇ. ಇಷ್ಟಾಗಿಯೂ ಹಾಡನ್ನು ಡಿಸ್ಕಿಗೆ ಇಳಿಸಿ, ಮತ್ತೆ ಅದರಿಂದ ಗಣಕಯಂತ್ರಕ್ಕೆ ಏರಿಸಿಕೊಂಡರೆ ಬೀಗ ಕಳಚಿಬೀಳುತ್ತಿತ್ತು, ಧ್ವನಿಯ ಗುಣವನ್ನು ಒಂದಿಷ್ಟು ಕಳೆದುಕೊಂಡು. ಹೀಗಾಗಿ ಕದಿಯಲೇಬೇಕೆಂದವನಿಗೆ ಅದೊಂದು ತಡೆಯಾಗಿರಲಿಲ್ಲ.

ಈ ಬೀಗ ಕಾದದ್ದು ಹಾಡನ್ನೋ ಗಿರಾಕಿಯನ್ನೋ ಎಂಬ ಸಂದೇಹ ಬರುವುದು ಸಹಜ. ಆಪಲ್ ಅಂಗಡಿಯ ಹಾಡು ಆಪಲ್ ಯಂತ್ರದಲ್ಲೇ ಹಾಡಬೇಕು. ರಿಯಲ್‌ನೆಟ್‌ವರ್ಕ್ಸ್ ಎಂಬ ಕಂಪನಿ 2004ರಲ್ಲಿ ತನ್ನ ಅಂಗಡಿಯ ಹಾಡುಗಳು ಐಪಾಡಿನಲ್ಲಿ ಹಾಡುವಂತೆ ಮಾಡಿದಾಗ ಆಪಲ್ ಅದನ್ನು ಖಂಡಿಸಿ, ಮುಂದಿನ ಪರಿಷ್ಕರಣೆಯಲ್ಲಿ ದಾರಿಯನ್ನು ಮುಚ್ಚಿತು. ಮೈಕ್ರೋಸಾಫ್ಟ್ ಬೇರೆ ಕಂಪನಿಗಳ ಯಂತ್ರಗಳಿಗೆಲ್ಲ ಹೊಂದುವುದೆಂದು ಸಾರಿ ಒಂದು ಬೀಗವನ್ನು ಪ್ರಚಾರ ಮಾಡಿ, 2006ರಲ್ಲಿ ತಾನೇ ಝೂನ್ ಎಂಬ ಯಂತ್ರವನ್ನು ತಂದಾಗ ಆ ಬೀಗದ ಹಾಡುಗಳು ಅದರಲ್ಲಿ ಹಾಡಲೇ ಇಲ್ಲ. ವಿಕ್ಟರ್ ಕಂಪನಿಯ ತಟ್ಟೆ, ವಿಕ್ಟರ್ ಕಂಪನಿಯ ಸೂಜಿ ಎಂಬ ಮಾತು ವಾಚಕರಿಗೆ ನೆನಪಿರಬಹುದು. 1917ರಲ್ಲಿ ಚೀಟಿಯಿಂದ ಆಗದಿದ್ದುದು ಈಗ ಗೂಢಲಿಪಿಯಿಂದ ಆಯಿತು.

ಈ ಕಥೆಯ ಅತ್ಯಂತ ಕಪ್ಪು ಅಧ್ಯಾಯ 2005ರದು. ಸೋನಿ ಬಿಎಂಜಿ ಸಂಸ್ಥೆ ಐವತ್ತಕ್ಕೂ ಮೇಲ್ಪಟ್ಟು ಸಂಗೀತದ ಡಿಸ್ಕುಗಳಲ್ಲಿ ಎಕ್ಸ್‌ಸಿಪಿ ಎಂಬ ತಂತ್ರಾಂಶವನ್ನು ಸೇರಿಸಿ ಮಾರಿತು. ಡಿಸ್ಕನ್ನು ಗಣಕಯಂತ್ರಕ್ಕೆ ಹಾಕಿದಾಗ ಅದು ಒಳಗೆ ನೆಲೆಯೂರಿ, ತಾನಿರುವುದೇ ತಿಳಿಯದಂತೆ ಮರೆಯಾಗುತ್ತಿತ್ತು. ಇಂಥದನ್ನು ರೂಟ್‌ಕಿಟ್ ಎನ್ನುತ್ತಾರೆ. ದುರುದ್ದೇಶದಿಂದ ಇನ್ನೊಬ್ಬರ ಗಣಕಯಂತ್ರಕ್ಕೆ ನುಗ್ಗುವವರ ಉಪಕರಣವದು. ಒಂದು ನಿರ್ದಿಷ್ಟ ಅಕ್ಷರಗುಚ್ಛದಿಂದ ಆರಂಭವಾಗುವ ಯಾವ ಕಡತವನ್ನಾದರೂ ಅದು ಮರೆಮಾಡುತ್ತಿದ್ದುದರಿಂದ ಬೇರೆ ದುಷ್ಟ ತಂತ್ರಾಂಶಗಳಿಗೂ ಅಡಗುದಾಣ ಸಿಕ್ಕಿತು. ಮಾರ್ಕ್ ರುಸಿನೋವಿಚ್ ಎಂಬ ತಜ್ಞ ತನ್ನ ಗಣಕಯಂತ್ರದಲ್ಲಿ ಇದನ್ನು ಕಂಡುಹಿಡಿದು ಆ ವರ್ಷದ ಅಕ್ಟೋಬರ್ 31ರಂದು ಪ್ರಕಟಿಸಿದಾಗ ದೊಡ್ಡ ಕೋಲಾಹಲವೇ ಆಯಿತು. ಬಹುಜನಕ್ಕೆ ರೂಟ್‌ಕಿಟ್ ಎಂದರೇನೆಂಬುದೇ ತಿಳಿಯದಿರುವಾಗ ಅವರಿಗೇಕೆ ಚಿಂತೆ ಎಂಬರ್ಥದ ಮಾತನ್ನು ಸಂಸ್ಥೆಯ ಅಧಿಕಾರಿಯೊಬ್ಬರು ಆಡಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ತೆಗೆದುಹಾಕಲು ಕೊಟ್ಟ ಉಪಕರಣ ಇನ್ನೊಂದು ಅಪಾಯದ ಬಾಗಿಲನ್ನು ತೆರೆಯಿತು. ನವೆಂಬರ್‌ನಲ್ಲಿ ಡಿಸ್ಕುಗಳನ್ನು ಹಿಂದಕ್ಕೆ ಕರೆಸಿಕೊಂಡರು. ದಾವೆಗಳಾದವು, ಪರಿಹಾರ ಕೊಡಬೇಕಾಯಿತು. ಎಲ್ಲಕ್ಕೂ ಮಿಗಿಲಾದ ವಿಡಂಬನೆ ಇನ್ನೊಂದಿದೆ: ಕೃತಿಸ್ವಾಮ್ಯವನ್ನು ಕಾಯಲೆಂದೇ ಹುಟ್ಟಿದ ಆ ತಂತ್ರಾಂಶದೊಳಗೆ ಇತರರು ಬರೆದ ಮುಕ್ತ ತಂತ್ರಾಂಶದ ಭಾಗಗಳನ್ನು ಅವರ ನಿಬಂಧನೆಗಳನ್ನು ಪಾಲಿಸದೆ ಸೇರಿಸಿಕೊಂಡದ್ದು ಸಂಶೋಧಕರ ಪರೀಕ್ಷೆಯಿಂದ ಬಯಲಾಯಿತು.

ಇಲ್ಲಿ ತೊಂದರೆಗೆ ಒಳಗಾದವರು ಯಾರು? ಅಂಗಡಿಗೆ ಹೋಗಿ ಬೆಲೆ ಕೊಟ್ಟು ಡಿಸ್ಕನ್ನು ಕೊಂಡವರು. ಬಿಟ್ಟಿಯಾಗಿ ಇಳಿಸಿಕೊಂಡವನಿಗೆ ಬೀಗವಿಲ್ಲದ ಹಾಡು ಸಿಕ್ಕಿತು. ಅವನು ಅದನ್ನು ಎಷ್ಟು ಸಾಧನಗಳಿಗೆ ಬೇಕಾದರೂ ಹಾಕಿಕೊಳ್ಳಬಹುದಿತ್ತು. ನೇರದಾರಿಯಲ್ಲಿ ನಡೆದವನಿಗೆ ಸಂದೇಹದ ನೋಟವೂ, ಎಣಿಕೆಯ ಅಪ್ಪಣೆಯೂ, ಕೆಟ್ಟ ಗಣಕಯಂತ್ರವೂ ದೊರೆತವು. ಪ್ರಾಮಾಣಿಕತೆಗೆ ದಂಡ ವಿಧಿಸುವ ವ್ಯವಸ್ಥೆ ಅಪ್ರಾಮಾಣಿಕತೆಯನ್ನು ಕಲಿಸುತ್ತದೆಂಬುದನ್ನು ಆ ಉದ್ಯಮಿಗಳು ಅರಿಯದೆ ಹೋದದ್ದು ಆಶ್ಚರ್ಯ.

ಇನ್ನೂ ಒಂದು ಪಾಠ ಬಾಕಿಯಿತ್ತು. ಮೈಕ್ರೋಸಾಫ್ಟ್ 2006ರಲ್ಲಿ ತನ್ನ ಎಂಎಸ್‌ಎನ್ ಹಾಡಿನ ಅಂಗಡಿಯನ್ನು ಮುಚ್ಚಿತ್ತು. 2008ರ ಏಪ್ರಿಲ್‌ನಲ್ಲಿ ಅದು ತನ್ನ ಹಳೆಯ ಗಿರಾಕಿಗಳಿಗೆ ಒಂದು ಸೂಚನೆ ಕಳುಹಿಸಿತು: ಆಗಸ್ಟ್ ತಿಂಗಳ ಬಳಿಕ ಬೀಗದ ಕೈಗಳನ್ನು ಕೊಡುವ ವ್ಯವಸ್ಥೆ ಇರುವುದಿಲ್ಲ. ಅಂದರೆ ಹೊಸ ಗಣಕಯಂತ್ರ ಕೊಂಡವನು ತಾನು ಹಣ ತೆತ್ತ ಹಾಡುಗಳನ್ನು ಅದರಲ್ಲಿ ಕೇಳಲಾರ. ಪ್ರತಿಭಟನೆ ಜೋರಾದಾಗ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿದರು. ಅದೇ ವರ್ಷದ ಜುಲೈನಲ್ಲಿ ಯಾಹೂ ಸಹ ಇಂಥದೇ ಸೂಚನೆ ಕೊಟ್ಟು, ಆಮೇಲೆ ಹಣ ಹಿಂದಿರುಗಿಸುವ ಮಾತನಾಡಬೇಕಾಯಿತು. ವಾಲ್‌ಮಾರ್ಟ್ ಅದೇ ದಾರಿ ಹಿಡಿದು ಹಿಂದೆ ಸರಿಯಿತು. ಅಂಗಡಿ ಮುಚ್ಚಿದರೆ ಅಲ್ಲಿಂದ ತಂದ ಪಾತ್ರೆಯೂ ತೂತಾಗುವ ಪರಿ ಇದು.

ಬೀಗಗಳು ಬಿದ್ದದ್ದು ಹೇಗೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಆಪಲ್‌ನ ಸ್ಟೀವ್ ಜಾಬ್ಸ್ 2007ರ ಫೆಬ್ರವರಿ 6ರಂದು ಬಹಿರಂಗ ಪತ್ರವೊಂದನ್ನು ಪ್ರಕಟಿಸಿದರು. 2006ರಲ್ಲಿ ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗಿಂತ ಕಡಿಮೆ. ಬೀಗವಿಲ್ಲದ ಡಿಸ್ಕುಗಳ ಮೂಲಕ ಅದೇ ಕಂಪನಿಗಳು ಮಾರಿದ ಹಾಡುಗಳು 2000 ಕೋಟಿಗೂ ಹೆಚ್ಚು. ಹೆಬ್ಬಾಗಿಲು ತೆರೆದಿರುವಾಗ ಕಿಟಕಿಗೆ ಅಗಳಿ ಹಾಕುವುದೇಕೆ ಎಂಬುದು ಅವರ ವಾದದ ತಿರುಳು. ಯುರೋಪಿನ ಕೆಲವು ದೇಶಗಳು ಆಪಲ್ ಬೀಗದ ವಿರುದ್ಧ ಎದ್ದಿದ್ದ ಸಮಯವದು ಎಂಬುದನ್ನೂ ಮರೆಯಬಾರದು. ಪತ್ರದಲ್ಲಿದ್ದುದು ಬರೀ ಔದಾರ್ಯವಲ್ಲ. ಏಪ್ರಿಲ್‌ನಲ್ಲಿ ಇಎಂಐ ಒಪ್ಪಿತು, ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಬೀಗವಿಲ್ಲದ ಹಾಡುಗಳ ಅಂಗಡಿ ತೆರೆಯಿತು, 2009ರ ಜನವರಿಯಲ್ಲಿ ಆಪಲ್ ತನ್ನೆಲ್ಲ ಹಾಡುಗಳ ಬೀಗ ತೆಗೆಯುವುದಾಗಿ ಸಾರಿತು. ಹಿಂದೆ ಕೊಂಡ ಹಾಡಿನ ಬೀಗ ತೆಗೆಸಲು ಹಾಡೊಂದಕ್ಕೆ 30 ಸೆಂಟುಗಳನ್ನು ಗಿರಾಕಿಯೇ ತೆರಬೇಕಾಗಿತ್ತು. ಬೀಗದ ಬದಲಿಗೆ ಕೊಂಡವನ ಹೆಸರು ಹಾಡಿನ ಕಡತದೊಳಗೆ ಬರೆದಿರುತ್ತಿತ್ತು. ಪುಸ್ತಕದ ಮೊದಲ ಪುಟದಲ್ಲಿ ನಾವೇ ಬರೆಯುವ ಹೆಸರಿನಂತೆ ಇದನ್ನು ಕಾಣಬಹುದು. ಬರೆದವರು ಬೇರೆ ಎಂಬುದಷ್ಟೇ ವ್ಯತ್ಯಾಸ.

ನಮ್ಮ ದೇಶಕ್ಕೆ ಈ ವಾಣಿಜ್ಯ ತಡವಾಗಿ ಬಂದಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹೆಸರಿನಲ್ಲಿ ಬೀಗವಿಲ್ಲದ ಎಂಪಿ3 ಹಾಡುಗಳನ್ನು ಮಾರತೊಡಗಿ 2013ರ ಜೂನ್‌ನಲ್ಲಿ ನಿಲ್ಲಿಸಿತು. ಅಂಗಡಿ ಹೋದರೂ, ಅಷ್ಟರೊಳಗೆ ಇಳಿಸಿಟ್ಟುಕೊಂಡವರ ಹಾಡುಗಳು ಹೋಗಲಿಲ್ಲ. ಬೀಗವಿಲ್ಲದ್ದರ ಗುಣ ಇದು. ಐಟ್ಯೂನ್ಸ್ ಅಂಗಡಿ ಇಲ್ಲಿ ತೆರೆದದ್ದು 2012ರ ಡಿಸೆಂಬರ್‌ನಲ್ಲಿ. ಅದೇ ವರ್ಷ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 65ಎ ಎಂಬ ಕಲಮು ಸೇರಿತು. ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷಗಳವರೆಗೆ ಸೆರೆಮನೆ ಮತ್ತು ದಂಡ. ಕಾಯಿದೆ ನಿಷೇಧಿಸದ ಉದ್ದೇಶಕ್ಕಾಗಿ ಮುರಿಯುವುದನ್ನು ಮಾತ್ರ ಅದು ಅಪರಾಧವೆನ್ನುವುದಿಲ್ಲ. ಅಮೆರಿಕದ ಕಾನೂನಿಗಿಂತ ಈ ವಿಷಯದಲ್ಲಿ ನಮ್ಮದು ಮನುಷ್ಯನ ಮನಸ್ಸನ್ನು ಹೆಚ್ಚು ಗಮನಿಸಿದೆ. ದೇವಾಲಯಗಳ ವಿಶ್ವಸ್ತರಿಗೆ ಉಪಯುಕ್ತವಾದ ಇನ್ನೊಂದು ಅಂಶ ಅದೇ ಕಾಯಿದೆಯ 52ನೆಯ ಕಲಮಿನಲ್ಲಿದೆ: ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಧ್ವನಿಮುದ್ರಿಕೆಯನ್ನು ಕೇಳಿಸುವುದು ಉಲ್ಲಂಘನೆಯಲ್ಲ. ಆದರೆ ತಿಂಗಳ ಚಂದಾ ಕಟ್ಟಿ ಕೇಳುವ ಸೇವೆಗಳ ಕರಾರುಗಳು ಸ್ವಂತ ಬಳಕೆಗೆ ಮಾತ್ರವೆಂದು ಹೇಳುತ್ತವೆ. ಕಾಯಿದೆ ಬಿಟ್ಟುಕೊಟ್ಟದ್ದನ್ನು ಕರಾರು ಹಿಂದಕ್ಕೆ ಎಳೆದುಕೊಳ್ಳುವ ಪರಿಯನ್ನು ಇಲ್ಲಿ ಗಮನಿಸಬೇಕು. ಡಿಸ್ಕನ್ನು ಕೊಂಡಿಟ್ಟುಕೊಂಡ ಸಂಸ್ಥೆಗೆ ಆ ತೊಡಕಿಲ್ಲ.

ಬೀಗ ಹೋದ ಮೇಲಾದರೂ ಹಾಡು ಕೊಂಡವನದಾಯಿತೇ? ರೀಡಿಜಿ ಎಂಬ ಸಂಸ್ಥೆ 2011ರಲ್ಲಿ ಜನ ತಾವು ಕೊಂಡ ಹಾಡಿನ ಕಡತಗಳನ್ನು ಮರುಮಾರಾಟ ಮಾಡುವ ಮಾರುಕಟ್ಟೆಯನ್ನು ತೆರೆಯಿತು. ಮಾರಿದವನ ಗಣಕಯಂತ್ರದಲ್ಲಿ ಹಾಡು ಉಳಿಯದಂತೆ ಅದು ಎಚ್ಚರ ವಹಿಸಿತ್ತು. ಕ್ಯಾಪಿಟಲ್ ರೆಕಾರ್ಡ್ಸ್ ದಾವೆ ಹೂಡಿತು. ತಟ್ಟೆಯನ್ನು ಕೈಯಿಂದ ಕೈಗೆ ಕೊಟ್ಟರೆ ಅದೇ ತಟ್ಟೆ ಹೋಗುತ್ತದೆ. ಕಡತವನ್ನು ಕಳುಹಿಸಿದರೆ ಅತ್ತ ಹೊಸ ಪ್ರತಿಯೊಂದು ಹುಟ್ಟುತ್ತದೆ. ಆದ್ದರಿಂದ 1908ರ ನಿಯಮ ಇದಕ್ಕೆ ಹೊಂದದು ಎಂದು 2013ರಲ್ಲಿ ಕೆಳಗಿನ ನ್ಯಾಯಾಲಯವೂ 2018ರಲ್ಲಿ ಮೇಲಿನ ನ್ಯಾಯಾಲಯವೂ ತೀರ್ಪಿತ್ತವು. ತರ್ಕವಾಗಿ ಇದು ತಪ್ಪೆನ್ನಲಾಗದು. ಫಲ ಮಾತ್ರ ಕಠೋರವಾಗಿದೆ. ಮನೆಯ ಹಿರಿಯರು ಜೀವಮಾನವೆಲ್ಲ ಕೂಡಿಟ್ಟ ತಟ್ಟೆಗಳು ಮಕ್ಕಳಿಗೆ ಬರುತ್ತವೆ. ಕಡತಗಳ ಭಂಡಾರ ಹಾಗಲ್ಲ. ಮರಣಾನಂತರ ಆಪ್ತರೊಬ್ಬರು ಖಾತೆಯನ್ನು ತೆರೆಯಬಹುದೆಂಬ ಅನುಕೂಲವನ್ನು ಆಪಲ್ 2021ರಲ್ಲಿ ಕಲ್ಪಿಸಿತು. ಚಿತ್ರಗಳು, ಪತ್ರಗಳು, ಟಿಪ್ಪಣಿಗಳು ಅವರಿಗೆ ದೊರೆಯುತ್ತವೆ. ಕೊಂಡ ಹಾಡು, ಪುಸ್ತಕ, ಚಲನಚಿತ್ರಗಳನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ, ಅವು ಪರವಾನಗಿಯ ವಸ್ತುಗಳೆಂಬ ಕಾರಣದಿಂದ.

ಹೊಂದಿಸಿಕೊಳ್ಳಲು ಈಗ ತಂತಿಯೇ ಬೇಕೆಂದಿಲ್ಲ. 2011ರಲ್ಲಿ ಆಪಲ್ ವರ್ಷಕ್ಕೆ 24.99 ಡಾಲರಿನ ಸೇವೆಯೊಂದನ್ನು ತಂದಿತು. ಮನೆಯ ಭಂಡಾರದ ಹಾಡುಗಳನ್ನು ಗುರುತಿಸಿ, ತನ್ನ ಅಂಗಡಿಯಲ್ಲಿರುವ ಅದೇ ಹಾಡನ್ನು ಎಲ್ಲ ಸಾಧನಗಳಿಗೂ ಅದು ಕೊಡುತ್ತಿತ್ತು. ಅನುಕೂಲ ದೊಡ್ಡದೇ. 2015ರಲ್ಲಿ ಚಂದಾ ಪದ್ಧತಿಯ ಆಪಲ್ ಮ್ಯೂಸಿಕ್ ಬಂದಾಗ ಮಾತ್ರ ಹೀಗೆ ಹೊಂದಿಸಿ ಮರಳಿ ಪಡೆದ ಹಾಡು, ಅದು ಮೊದಲು ಗಿರಾಕಿಯ ಸ್ವಂತ ಡಿಸ್ಕಿನಿಂದ ಬಂದಿದ್ದರೂ, ಬೀಗದೊಡನೆ ಬರುತ್ತಿತ್ತು. 2016ರಲ್ಲಿ ಇದನ್ನು ಸರಿಪಡಿಸಿದರು. ಭಂಡಾರದ ಪ್ರತಿಯನ್ನು ಮನೆಯಲ್ಲಿ ಬೇರೆಯಾಗಿ ಇಟ್ಟುಕೊಂಡವರಿಗೆ ತೊಂದರೆಯಾಗಲಿಲ್ಲ. ಇಂದು ಬಹುಜನ ಹಾಡನ್ನು ಕೊಳ್ಳುವುದೇ ಇಲ್ಲ, ಚಂದಾ ಕಟ್ಟಿ ಕೇಳುತ್ತಾರೆ. ಇದರಲ್ಲಿ ವಂಚನೆಯೇನೂ ಇಲ್ಲ. ಬಾಡಿಗೆಯನ್ನು ಬಾಡಿಗೆಯೆಂದೇ ಹೇಳಿದ್ದಾರೆ. ವಿವಾದವಿರುವುದು ಗುಂಡಿಯ ಮೇಲೆ ಕೊಳ್ಳಿರಿ ಎಂದು ಬರೆದು ಕರಾರಿನಲ್ಲಿ ಪರವಾನಗಿ ಎನ್ನುವವರ ವಿಷಯದಲ್ಲಿ.

ಕ್ಯಾಲಿಫೋರ್ನಿಯಾ ರಾಜ್ಯ 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೊಂದು ಕಾನೂನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಡಿಜಿಟಲ್ ಹಾಡು, ಪುಸ್ತಕ, ಆಟ, ಚಲನಚಿತ್ರಗಳನ್ನು ಒದಗಿಸುವವರು ಕೊಳ್ಳಿರಿ ಎಂಬ ಮಾತನ್ನು ಬಳಸುವುದಾದರೆ, ಇದು ಪರವಾನಗಿ ಮಾತ್ರ, ಇದನ್ನು ಹಿಂತೆಗೆದುಕೊಳ್ಳಬಹುದು ಎಂಬುದನ್ನು ಸ್ಪಷ್ಟವಾದ ಭಾಷೆಯಲ್ಲಿ ಮೊದಲೇ ತಿಳಿಸಬೇಕು. ಪರವಾನಗಿಯನ್ನು ಮಾರಕೂಡದೆಂದು ಅದು ಹೇಳುವುದಿಲ್ಲ. ಪರವಾನಗಿಯನ್ನು ಮಾರಾಟವೆಂದು ಕರೆಯಕೂಡದೆಂದು ಹೇಳುತ್ತದೆ. ಒಮ್ಮೆ ಇಳಿಸಿಕೊಂಡ ಮೇಲೆ ಮಾರಿದವನು ಮರಳಿ ಕಸಿದುಕೊಳ್ಳಲಾಗದಂತೆ, ಅಂತರ್ಜಾಲದ ಹಂಗಿಲ್ಲದೆ ಗಿರಾಕಿಯ ಸಾಧನದಲ್ಲೇ ಉಳಿಯುವ ಕಡತಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ.